ಮೂರೇ ಹೆಜ್ಜೆಯ ಸಪ್ಪಳ

ಭಾಗ್ಯಾ ಅತ್ತೆಯ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಇನ್ನೂ ಬೆರಳು ತೆಗೆದಿರಲಿಲ್ಲ, ಹಿತ್ತಲಿನಿಂದ ಕೂಗು ಕೇಳಿತು.

“ಏ, ಲಗೂನ ಬರ್ರಿ! ಕುದುರಿ ಬೀಳಾಕತ್ತೇತಿ!”

ಹಾಡಿಕೊಂಡು ಅಳುತ್ತಿದ್ದ ಹೆಂಗಸರ ದನಿ ಒಮ್ಮೆಲೇ ನಿಂತುಹೋಯಿತು. ಗೋಡೆಗೆ ಆನಿಸಿ ಕೂಡ್ರಿಸಿದ್ದ ಅತ್ತೆ ದುರ್ಗವ್ವನ ಹೆಣದ ಮುಂದಿನಿಂದ ಅರ್ಧ ಮಂದಿ ಎದ್ದು ಓಡಿತು. ಕಟ್ಟೆಯ ಮೇಲೆ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದವರು ಡೊಳ್ಳನ್ನು ಅಲ್ಲಿಯೇ ಬಿಟ್ಟು ಓಡಿದರು. ಭಾಗ್ಯಾ ಒಂದು ಗಳಿಗೆ ಅತ್ತೆಯ ಮುಖವನ್ನೇ ನೋಡಿದಳು. ಬದುಕಿದ್ದಿದ್ದರೆ ಈ ಕೂಗಿಗೆ ಎಲ್ಲರಿಗಿಂತ ಮೊದಲು ಎದ್ದು ಓಡುತ್ತಿದ್ದವಳು ಇವಳೇ.

“ಆಯಿ ಹಂತ್ಯಾಕ ಕುಂದರು, ನೊಣ ಕುಂಡ್ರದಂಗ ನೋಡ್ಕೊ,” ಎಂದು ಮಗಳು ಅಮೃತಾಳಿಗೆ ಹೇಳಿ, ಭಂಡಾರದ ಕೈಯನ್ನು ಸೆರಗಿಗೆ ಒರೆಸುತ್ತಲೇ ಅವಳೂ ಹಿತ್ತಲಿಗೆ ಓಡಿದಳು.

ಬೇವಿನ ಮರದ ಕೆಳಗೆ ಕೆಂಚಿ ಮೂರು ಕಾಲಿನ ಮೇಲೆ ನಿಂತಿತ್ತು. ಮುಂದಿನ ಎಡಗಾಲನ್ನು ಎತ್ತಿ ಹಿಡಿದಿತ್ತು, ತುದಿ ನೆಲಕ್ಕೆ ತಾಗಿದರೆ ಸಾಕು, ಕಾದ ಹಂಚು ಮುಟ್ಟಿದ ಹಾಗೆ ಬೆಚ್ಚಿ ಮತ್ತೆ ಎತ್ತುತ್ತಿತ್ತು. ಚಳಿ ಇನ್ನೂ ಬಿಟ್ಟಿರದ ಹೊತ್ತಿನಲ್ಲಿ ಅದರ ಕೊರಳಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮುಂದೆ ಹಾಕಿದ ಜೋಳದ ದಂಟು ಹಾಕಿದ ಹಾಗೇ ಬಿದ್ದಿತ್ತು. ನಿನ್ನೆ ಮೊನ್ನೆ ಸ್ವಲ್ಪ ಕುಂಟುತ್ತಿದ್ದುದನ್ನು ಭಾಗ್ಯಾ ಕಂಡಿದ್ದಳು, ಆದರೆ ಒಳಗೆ ಅತ್ತೆಯ ಉಸಿರು ಏರಿಳಿಯುತ್ತಿರುವಾಗ ಕುದುರೆಯ ಕಾಲು ನೋಡುವವರಾರು?

“ಯಾರೂ ಮುಟ್ಟಬ್ಯಾಡ್ರಿ,” ಎಂದ ತಿರಕಪ್ಪ. ದುರ್ಗವ್ವನ ಮೈದುನ, ಮನೆಗೆ ಈಗ ಹಿರಿಯ. ಮಣ್ಣಿಗೆ ಹೋಗಲೆಂದು ಮಡಿಕೆ ಬಿಚ್ಚಿದ ಹೊಸ ಬಿಳಿ ಧೋತರ ಉಟ್ಟಿದ್ದ. “ತಿಳೀಲಿಲ್ಲೇನು ನಿಮಗ? ಅತ್ತಿಗಿ ತನ್ನ ಕುದುರಿ ತಾ ಕರಕೊಂಡು ಹೊಂಟಾಳ.”

ಒಬ್ಬರ ಹಿಂದೆ ಒಬ್ಬರು ಮಾತು ಎತ್ತಿದರು.

“ಅದಕ್ಕ ನಸುಕಿನ್ಯಾಗ ‘ಬರೇ ಮೂರು, ಬರೇ ಮೂರು’ ಅಂದಳಂತ!”

“ಹೌದ್ಲಾ, ಸಾಯೂ ಮುಂದ ಅದನ್ನs ಅಂದಳಂತ!”

“ಮೂರು ಅಂದ್ರ ಮೂರು ಜೀವ,” ತಿರಕಪ್ಪ ಬೆರಳು ಮಡಿಚಿದ. “ನಮ್ಮಣ್ಣ ಹೋದ. ಅಕಿ ಹೋದಳು. ಮೂರನೇದು ಇದು. ಅಕಿ ಆಗಳೇ ಹೇಳ್ಯಾಳ.”

ಹೆಂಗಸರು ಕೆನ್ನೆ ಬಡಿದುಕೊಂಡರು. ಯಾರೋ ಕುದುರೆಗೂ ಒಂದು ಚಿಟಿಕೆ ಭಂಡಾರ ಹಚ್ಚಿಬಿಡೋಣವೆಂದರು. ಹಾಗೆ ನಾಲ್ಕು ಮಂದಿ ಹತ್ತಿರ ಬಂದದ್ದಕ್ಕೆ ಕೆಂಚಿ ಹೆದರಿ ಸರಿಯಿತು. ಹಾಸಿದ ಕಲ್ಲಿನ ಮೇಲೆ ಗೊರಸು ಸಪ್ಪಳ ಮಾಡಿತು. ಟಕ್, ಟಕ್, ಟಕ್. ಆಮೇಲೆ ಒಂದು ಖಾಲಿ. ಮತ್ತೆ ಟಕ್, ಟಕ್, ಟಕ್.

ಭಾಗ್ಯಾ ನಿಂತಲ್ಲೇ ನಿಂತಳು. ನಸುಕಿನಲ್ಲಿ ಅತ್ತೆಯ ತಲೆ ಅವಳ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿತ್ತು, ಮುಖ ಮಾತ್ರ ಹಿತ್ತಲ ಬಾಗಿಲ ಕಡೆ ಹೊರಳಿತ್ತು, ಅಲ್ಲಿಂದ ಇದೇ ಸಪ್ಪಳ ಬರುತ್ತಿತ್ತು.

“ಅಕಿ ಜೀವ ಎಣಿಸಲಿಲ್ರಿ ಮಾವಾರ,” ಎಂದಳು. ದನಿ ತನ್ನದೇ ಅಲ್ಲವೆನ್ನುವಷ್ಟು ಜೋರಾಗಿ ಬಂತು. “ಹೆಜ್ಜಿ ಎಣಿಸಿದಳು! ಕೆಂಚಿ ಹೆಜ್ಜಿ ಬರೇ ಮೂರು ಕೇಳಸಾಕತ್ತಾವ ಅಂದಳು. ನಾಕನೇ ಕಾಲಿಗೆ ಏನಾಗೇತಿ ನೋಡು ಅಂತ ನನಗ ಹೇಳ್ಯಾಳ!”

*

ಭಾಗ್ಯಾ ಮಿಶ್ರಿಕೋಟಿಯ ಗದ್ದೆಯವರ ಮನೆಯಿಂದ ಬಂದವಳು. ಎತ್ತು, ಎಮ್ಮೆ ಗೊತ್ತಿತ್ತು. ಕುದುರೆಯನ್ನು ಮದುವೆಯ ಮೆರವಣಿಗೆಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಮದುವೆಯಾದ ವರ್ಷವೇ ಸುಗ್ಗಿ ಮುಗಿದ ಮೇಲೆ ಕುರಿ ಹಿಂಡಿನ ಹಿಂದೆ ಬಯಲುಸೀಮೆಗೆ ಹೊರಟಾಗ ಅವಳಿಗೆ ಅತ್ತೆಯನ್ನೂ ಕುದುರೆಯನ್ನೂ ಕಂಡರೆ ಒಂದೇ ಅಳತೆಯ ಹೆದರಿಕೆ.

ಎಲ್ಲರಿಗಿಂತ ಮುಂದೆ ದುರ್ಗವ್ವ ನಡೆಯುತ್ತಿದ್ದಳು. ಕೈಯಲ್ಲಿ ಹಗ್ಗ, ಹಿಂದೆ ಕೆಂಚಿ. ಬೆನ್ನ ಮೇಲೆ ಕಂಬಳಿ, ಬೋಗುಣಿ, ಹಿಟ್ಟಿನ ಚೀಲ, ಎರಡೂ ಬದಿಯ ಚೀಲಗಳಿಂದ ಕತ್ತು ಚಾಚಿದ ಎಳೆಮರಿಗಳು. ದುರ್ಗವ್ವ ಹಿಂದಿರುಗಿ ನೋಡುತ್ತಿರಲಿಲ್ಲ. ಮೂಗಿಗೆ ನಸ್ಯ ಏರಿಸುತ್ತ ನಡೆಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನಿಂತು, “ಹಿಂದಿನ ಬಲಗಾಲಾಗ ಕಲ್ಲು ಸಿಕ್ಕೈತಿ,” ಎನ್ನುವಳು. ಎತ್ತಿ ನೋಡಿದರೆ ಇರುತ್ತಿತ್ತು.

“ಹೆಂಗ ತಿಳೀತ್ರಿ ಅತ್ತಿ?”

“ಕಿವಿ ಅದಾವಲ್ಲ.”

ಅಷ್ಟೇ ಮಾತು. ಒಂದು ದಿನ ಭಾಗ್ಯಾಳ ಮೊಣಕೈ ಹಿಡಿದೆಳೆದು ಕುದುರೆಯ ಕಾಲನ್ನು ಅವಳ ತೊಡೆಯ ಮೇಲೆ ಇಟ್ಟಳು. “ಹಿಡಿ. ನೀ ಹೆದರಿದ್ರ ಅದೂ ಹೆದರತೈತಿ. ನೀ ಉಸರು ಬಿಡು, ಅದೂ ಬಿಡತೈತಿ.” ಅಂದಿನಿಂದ ಕಾಲು ಸೊಸೆಯ ಕೈಯಲ್ಲಿ, ಗೊರಸು ಕೆತ್ತುವ ಬಾಗುಚಾಕು ಅತ್ತೆಯ ಕೈಯಲ್ಲಿ. ಆ ಚಾಕನ್ನು ಮಾತ್ರ ಅವಳು ಸೊಸೆಗೆ ಕೊಡಲೇ ಇಲ್ಲ.

ಮುಂದೆ ಸಾಮಾನು ಸಾಗಿಸಲು ಗೂಡ್ಸ್ ಟೆಂಪೋ ಬಂತು. ಕುದುರೆ ಮಾರೋಣವೆಂದು ಎಲ್ಲರೂ ಅಂದರು. ದುರ್ಗವ್ವ ಕೇಳಿಸಲೇ ಇಲ್ಲವೆಂಬಂತೆ ಇದ್ದಳು. ಈ ವರ್ಷ ಭಾಗ್ಯಾಳ ಗಂಡ ಬೀರೇಶ ಹಿಂಡಿನ ಜೊತೆ ಹೋದ, ಎದೆ ಕಟ್ಟಿ ತಾನು ಹೋಗಲಾಗದೆ ಮನೆಯಲ್ಲಿ ಉಳಿದಾಗ ಕೆಂಚಿಯನ್ನೂ ತನ್ನ ಜೊತೆ ಉಳಿಸಿಕೊಂಡಳು.

*

“ಮಲಿಕಸಾಬ ಬಂದ! ಮಲಿಕಸಾಬ ಬಂದ! ಹಾದಿ ಬಿಡ್ರಿ!”

ಎತ್ತು ಕುದುರೆಗಳಿಗೆ ಲಾಳ ಕಟ್ಟಿ ಮುದುಕನಾದ ಮಲಿಕಸಾಬ ಒಂದು ಕಟ್ಟು ಊದಿನಕಡ್ಡಿ ಹಿಡಿದು ದುರ್ಗವ್ವನ ಮುಖ ನೋಡಲು ಬಂದಿದ್ದ. ಅವನನ್ನು ಹೆಣದ ಮುಂದೆ ನಿಲ್ಲಲೂ ಬಿಡದೆ ನಾಲ್ಕು ಕೈ ಹಿತ್ತಲಿಗೆ ದಬ್ಬಿಕೊಂಡು ಬಂದವು. ಕಣ್ಣಿನ ಆಪರೇಶನ್ ಆಗಿ ಇನ್ನೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ.

ಅವನು ಕುದುರೆಯ ಕೊರಳು ಸವರಿ, ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಗೊರಸಿನ ಮೇಲಿನ ಗಂಟಿನ ಹಿಂದೆ ಎರಡು ಬೆರಳಿಟ್ಟ. “ನಾಡಿ ನೋಡವ್ವಾ ಭಾಗ್ಯಾ, ಡೊಳ್ಳು ಬಡದಂಗ ಬಡ್ಯಾಕತ್ತೇತಿ. ಗೊರಸು ಮುಟ್ಟು.”

ಭಾಗ್ಯಾ ಮುಟ್ಟಿದಳು. “ಒಲಿಮ್ಯಾಲಿನ ಗಡಗಿ ಆಗೇತ್ರಿ ಕಾಕಾ.”

ಅವನು ಸಣ್ಣ ಕಲ್ಲಿನಿಂದ ಗೊರಸಿನ ಅಂಗಾಲನ್ನು ಅಲ್ಲಲ್ಲಿ ತಟ್ಟಿದ. ಇಲ್ಲಿ ಏನಿಲ್ಲ, ಅಲ್ಲಿಯೂ ಏನಿಲ್ಲ. ಒಳಬದಿಯ ಒಂದು ಕಡೆ ತಟ್ಟಿದ್ದೇ ತಡ, ಕೆಂಚಿ ಹಿಂಗಾಲಿನ ಮೇಲೆ ಎದ್ದು ಮಂದಿಯನ್ನೆಲ್ಲ ಗೋಡೆಗೆ ಅಂಟಿಸಿತು.

“ಸಾಯೂದಿಲ್ಲ ಏನಿಲ್ಲ!” ಮಲಿಕಸಾಬ ನಕ್ಕೇಬಿಟ್ಟ. “ಮುಳ್ಳೋ ಕಲ್ಲೋ ಹೊಕ್ಕು ಒಳಗ ಕೀವು ತುಂಬೇತಿ. ಚರ್ಮ ಆದ್ರ ಬಾತ್ಕೊಂತೈತಿ, ಗೊರಸು ಹಿಗ್ಗತೈತೇನು? ಹಲ್ಲಿನ ಬೇರಿಗೆ ಕೀವು ಆದಂಗ. ಹಾದಿ ಮಾಡಿ ಹೊರಗ ಬಿಟ್ರ ಆತು. ಬಿಡಲಿಲ್ಲಂದ್ರ ಎಲುವಿಗೆ ಇಳೀತೈತಿ, ಆವಾಗ ಕಠಿಣ.”

“ಇವತ್ತು ಬ್ಯಾಡ,” ಎಂದ ತಿರಕಪ್ಪ. “ಹೆಣ ಮನ್ಯಾಗ ಐತಿ. ಇಲ್ಲೆ ಕಬ್ಬಿಣ ಹಿಡದು ಕೊಯ್ಕೊಂತ ಕುಂಡ್ರತೀರೇನು? ಮಣ್ಣಾಗಲಿ, ದಿನಕರ್ಮ ಮುಗೀಲಿ, ಆಮ್ಯಾಲೆ ನೋಡೂಣು.”

“ಅಲ್ಲೀತನ ಅದು ಮೂರು ಕಾಲ ಮ್ಯಾಲೆ ನಿಂದರಬೇಕೇನ್ರಿ?” ಎಂದಳು ಭಾಗ್ಯಾ.

ತಿರಕಪ್ಪ ಉತ್ತರ ಕೊಡುವ ಮೊದಲೇ ಅವಳು ಕಲಘಟಗಿಯ ದನದ ಡಾಕ್ಟರ ರೋಹಿಣಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿಯಾಗಿತ್ತು.

“ಮೇಡಂ, ನಮ್ಮತ್ತಿ ತೀರಿಕೊಂಡಾಳ್ರಿ.”

“ಅಯ್ಯ! ದುರ್ಗವ್ವನ? ಯಾವಾಗ್ರಿ?”

“ನಸುಕಿನ್ಯಾಗ. ಆದ್ರ ಫೋನು ಮಾಡಿದ್ದು ಅದಕ್ಕಲ್ರಿ. ಕೆಂಚಿ ಗೊರಸಿನ್ಯಾಗ ಕೀವು ತುಂಬೇತಿ. ಮಲಿಕಸಾಬ ಕಾಕಾ ಇಲ್ಲೇ ಅದಾರ.”

ಆಚೆಯಿಂದ ಎಮ್ಮೆಯ ನರಳಾಟ ಕೇಳಿತು. “ನಾ ಎಮ್ಮಿ ಹೊಟ್ಟ್ಯಾಗ ಕೈ ಹಾಕ್ಕೊಂಡು ನಿಂತೀನ್ರಿ, ಕರು ಅಡ್ಡ ಬಿದ್ದೈತಿ! ಬೇರೆಯವ್ರು ಫೋನು ಹಿಡದಾರ. ಬಿಟ್ಟು ಬಂದ್ರ ಎರಡೂ ಹೋಗ್ತಾವ. ಕಾಕಾ, ತಟ್ಟಿ ನೋಡಿದ್ರೇನು? ಜಾಗಾ ಸಿಕ್ತಾ?”

“ಸಿಕ್ಕೈತ್ರಿ ಅವ್ವಾರ. ಆದ್ರ ನನಗ ತಲಿ ಬಗ್ಗಸಬ್ಯಾಡ ಅಂದಾರ ಕಣ್ಣಿನ ಡಾಕ್ಟರು.”

“ಹಂಗಾರ ಭಾಗ್ಯಾ, ನೀವು ಕೆತ್ರಿ. ಮೊದಲು ಬಿಸಿನೀರಿಗೆ ಉಪ್ಪು ಹಾಕಿ ಕಾಲು ನೆನಸ್ರಿ, ಮೆತ್ತಗಾಗಲಿ. ಕರಿ ಗೆರಿ ಕಾಣತೈತಿ, ಅದರ ಬೆನ್ನು ಹತ್ತಿ ಹೋಗ್ರಿ. ಕಡ್ಲಿಕಾಳಿನಷ್ಟು ತೂತು ಸಾಕು. ರಕ್ತ ಬಂತಂದ್ರ ನಿಲ್ಲಸ್ರಿ, ಮುಂದ ಹೋಗಬ್ಯಾಡ್ರಿ. ಧನುರ್ವಾಯು ಇಂಜೆಕ್ಷನ್ ನಾ ಸಂಜಿಕ ಬಂದು ಹಾಕ್ತೀನಿ... ಏ ಹಿಡೀರೋ ಕಾಲು!” ಫೋನು ಕಡಿಯಿತು.

ಬಿಸಿನೀರು. ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿತು. ಹಿತ್ತಲ ಮೂಲೆಯ ಮೂರು ಕಲ್ಲಿನ ಒಲೆಯ ಮೇಲೆ ದುರ್ಗವ್ವನ ಮೈ ತೊಳೆದು ಉಳಿದ ನೀರು ಇನ್ನೂ ಹಬೆಯಾಡುತ್ತಿತ್ತು. ಹೆಣದ ನೀರು ಮುಟ್ಟಬಾರದು.

ನೆರೆಮನೆಯ ಮುದುಕಿ ಮರೆವ್ವ ಕೋಲು ಊರುತ್ತ ಮುಂದೆ ಬಂದಳು. ದುರ್ಗವ್ವನ ಜೊತೆ ಹುಡುಗಿಯಾಗಿ ಕುರಿ ಕಾಯ್ದವಳು, ಜಗಳಾಡಿದವಳು, ಅದೇ ಡಬ್ಬಿಯಿಂದ ನಸ್ಯ ಏರಿಸಿದವಳು.

“ಏನು ನೋಡಾಕತ್ತೀರಿ? ಗಂಡನ ಮಣ್ಣಿನ ಹಸಿ ಆರೂಕಿಂತ ಮದಲs ಕುದುರಿಗೆ ಮೇವು ಹಾಕಾಕ ಹೋದಾಕಿ ಅಕಿ. ನಾವೆಲ್ಲ ಬೈದ್ವಿ. ‘ಸತ್ತಾಂವಗ ಹಸಿವಿಲ್ಲ, ಇದಕ್ಕ ಐತಿ’ ಅಂದ್ಲು. ಈಗ ತನ್ನ ನೀರು ತಾನs ಬ್ಯಾಡ ಅಂತಾಳೇನು? ಸುರೀ ಉಪ್ಪು!”

*

ಉಪ್ಪಿನ ನೀರಿನ ಬಕೀಟಿನಲ್ಲಿ ಕೆಂಚಿಯ ಕಾಲು ಹಿಡಿದು ಕುಳಿತಾಗ ಭಾಗ್ಯಾಳಿಗೆ ಅಮೃತಾ ಹುಟ್ಟಿದ ದಿನ ನೆನಪಾಯಿತು.

ನವಲಗುಂದದ ಆಚೆ, ಟಾರು ರಸ್ತೆಯಿಂದ ಬಹಳ ಒಳಗೆ, ಎರೆ ಹೊಲದಲ್ಲಿ ಹಿಂಡು ಬೀಡುಬಿಟ್ಟಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು, ಅದೇ ಹೊತ್ತಿಗೆ ದಿನ ತುಂಬುವ ಮೊದಲೇ ಭಾಗ್ಯಾಳಿಗೆ ನೋವು ಬಂತು. ಎರೆ ಮಣ್ಣು ನೆನೆದರೆ ಮನುಷ್ಯನ ಕಾಲಿಗೆ ಬೀಸುಕಲ್ಲು ಕಟ್ಟಿದ ಹಾಗೆ. ಕರೆದೊಯ್ಯಲು ಬಂದ ಟ್ರ್ಯಾಕ್ಟರು ಹೊಲದ ನಡುವೆ ಹೂತು ನಿಂತಿತು. ಅಂಬುಲೆನ್ಸಿನವರು ಟಾರಿನ ಮೇಲೆ ನಿಂತು, ಒಳಗೆ ಬರಲಾಗುವುದಿಲ್ಲವೆಂದು ಫೋನು ಮಾಡಿದರು.

ದುರ್ಗವ್ವ ಹೇರು ಕಟ್ಟಿದ್ದ ಹಗ್ಗವನ್ನು ಕುಡಗೋಲಿನಿಂದ ಕೊಯ್ದಳು. ಕಂಬಳಿ, ಬೋಗುಣಿ, ಹಿಟ್ಟು ಎಲ್ಲ ಕೆಸರಿಗೆ ಬಿತ್ತು. “ಹತ್ತು,” ಎಂದಳು.

“ನನ್ನ ಕೈಲಾಗೂದಿಲ್ರಿ ಅತ್ತಿ!”

“ನಿನಗ ಯಾರು ನಡಿ ಅಂದ್ರು? ನಡಿಯೂದು ಅದು. ನೀ ಜುಟ್ಟು ಹಿಡ್ಕೊ.”

ಕೆಂಚಿ ಮೊಣಕಾಲು ಮಟ್ಟ ಹೂಳುತ್ತ, ಕಿತ್ತುಕೊಳ್ಳುತ್ತ ನಡೆಯಿತು. ಸ್ವಲ್ಪ ದೂರಕ್ಕೊಮ್ಮೆ ದುರ್ಗವ್ವ ಅದನ್ನು ನಿಲ್ಲಿಸಿ, ಒಂದೊಂದೇ ಕಾಲೆತ್ತಿ ಕುಡಗೋಲಿನ ಬೆನ್ನಿನಿಂದ ಮಣ್ಣು ಕೆರೆದು ಮತ್ತೆ ನಡೆಸುತ್ತಿದ್ದಳು. ಮೇಲೆ ಸೊಸೆ ಚೀರುತ್ತಿದ್ದರೂ ಒಂದು ಕಾಲನ್ನೂ ಬಿಡದೆ ಕೆರೆದಳು. ಟಾರು ಮುಟ್ಟಿ ಅಂಬುಲೆನ್ಸಿನ ಬಾಗಿಲು ಹಾಕಿದ ಮೇಲೆ ಮಗು ಅತ್ತ ಸದ್ದು ಹೊರಗೆ ನಿಂತವಳಿಗೆ ಕೇಳಿತು. ಒಳಗೆ ಇಣುಕಿ, “ಚಂದ ಐತಿ,” ಎಂದಳು. ಕುದುರೆಯ ಕಾಲು ತಿಕ್ಕಲು ಹೋದಳು.

ಮರುದಿನ ಹೊಲದಲ್ಲಿ ಹೇರು ಇರಲಿಲ್ಲ, ಯಾರೋ ಒಯ್ದಿದ್ದರು. ಅಷ್ಟೂ ಕಂಬಳಿ ಹೋದವೆಂದು ಬೀರೇಶ ತಲೆಯ ಮೇಲೆ ಕೈಹೊತ್ತು ಕುಳಿತಾಗ ದುರ್ಗವ್ವ ಅಂದದ್ದು ಇಷ್ಟೇ: “ಉಣ್ಣಿ ಕುರಿ ಮೈಮ್ಯಾಲೆ ಐತೇಳು. ಮತ್ತ ನೇಯೂಣು.”

*

“ಈಗ ಎತ್ರಿ ಕಾಲು,” ಎಂದ ಮಲಿಕಸಾಬ.

ಭಾಗ್ಯಾ ಒಳಗೆ ಹೋಗಿ ಅತ್ತೆಯ ಗಂಟಿನಿಂದ ಬಾಗುಚಾಕು ತಂದಳು. ಕಾಲು ಹಿಡಿಯುವವರು ಬೇಕಿತ್ತು. ಡೊಳ್ಳಿನವನೊಬ್ಬ ಮುಂದೆ ಬಂದು ಹಿಡಿದ, ಕೆಂಚಿ ಒಮ್ಮೆ ಕೊಡವಿದ್ದಕ್ಕೆ ಕೂತೇಬಿಟ್ಟ. ಇನ್ನೊಬ್ಬ ಹಿಡಿದ, ಅವನ ಟೋಪಿ ಬೇವಿನ ಬುಡಕ್ಕೆ ಹೋಯಿತು. ದೂರ ನಿಂತು ನೋಡುತ್ತಿದ್ದ ತಿರಕಪ್ಪನಿಗೆ ತಡೆಯಲಾಗಲಿಲ್ಲ.

“ಏ ಹಂಗಲ್ಲಲೇ! ಹಂಗ ಜಗ್ಗಿದ್ರ ಒದೀದs ಏನು ಮಾಡತೈತಿ? ಸರಿ ಅತ್ಲಾಗ! ಏನು ಗಂಡಸರೋ!” ಹೊಸ ಧೋತರ ಮೇಲಕ್ಕೆ ಕಟ್ಟಿ, ಕುದುರೆಗೆ ಬೆನ್ನು ಕೊಟ್ಟು, ಕಾಲನ್ನು ತನ್ನ ಎರಡೂ ತೊಡೆಯ ನಡುವೆ ಸಿಕ್ಕಿಸಿಕೊಂಡ. “ಹೂಂ, ಕೆತ್ತು. ಲಗೂ ಮಾಡು. ನಾ ಬ್ಯಾಡಂದೀನಿ ಅನ್ನೂದು ಮಾತ್ರ ನೆಪ್ಪಿರಲಿ.”

ಹಿತ್ತಲಲ್ಲಿ ಈಗ ಉಸಿರಿನ ಸದ್ದು ಮಾತ್ರ. ಗೋಡೆಯ ಮೇಲೆ, ಕಟ್ಟಿಗೆಯ ಒಟ್ಟಿನ ಮೇಲೆ ಮಂದಿ ಹತ್ತಿ ನಿಂತಿತ್ತು. ಭಾಗ್ಯಾ ಮೇಲಿನ ಸತ್ತ ಪದರ ಕೆರೆದಳು. ಬಿಳಿ ಅಂಗಾಲು ಕಂಡಿತು. ಅದರೊಳಗೆ ಸೂಜಿಯ ಮೊನೆಯಷ್ಟು ಕಪ್ಪು ಚುಕ್ಕೆ.

“ಕಾಣತೈತೇನವ್ವಾ?”

“ಕಾಣತೈತ್ರಿ ಕಾಕಾ. ಒಳಗ ಹೋಗೇತಿ.”

“ಬೆನ್ನು ಹತ್ತು.”

ಸಿಪ್ಪೆಯಂತೆ ತೆಳ್ಳಗೆ ಒಂದು ಚೂರು ತೆಗೆದಳು. ಚುಕ್ಕೆ ಗೆರೆಯಾಯಿತು. ಇನ್ನೊಂದು ಚೂರು. ಗೆರೆ ಅಂಚಿನ ಕಡೆ ತಿರುಗಿತು. ಕೈ ಬೆವರಿ ಚಾಕು ಜಾರಿತು, ಸೆರಗಿಗೆ ಒರೆಸಿಕೊಂಡಳು. ಇನ್ನೊಂದು. ಏನೂ ಬರಲಿಲ್ಲ.

“ಸಾಕು ಬಿಡವ್ವಾ,” ಯಾರೋ ಅಂದರು. “ರಕ್ತ ಬಂದೀತು.”

ಭಾಗ್ಯಾಳಿಗೂ ಹೆದರಿಕೆ ಹತ್ತಿತು. ಮೇಲೆ ಕೆಂಚಿಯ ಹೊಟ್ಟೆ ಗಡಗಡ ನಡುಗುತ್ತಿತ್ತು. ತಾನು ಬಹಳ ಹೊತ್ತಿನಿಂದ ಉಸಿರು ಬಿಗಿಹಿಡಿದಿದ್ದೇನೆಂದು ಆಗ ತಿಳಿಯಿತು. ಉದ್ದಕ್ಕೆ ಉಸಿರು ಬಿಟ್ಟಳು. ತುಸು ತಡೆದು ಕುದುರೆಯೂ ಬಿಟ್ಟಿತು. ತಿರಕಪ್ಪನ ತೊಡೆಯ ನಡುವೆ ಕಾಲು ಸಡಿಲಾಯಿತು. ಚಾಕಿನ ಬಾಗಿದ ಮೊನೆಯನ್ನು ಗೆರೆಯ ತುದಿಗೆ ಇಟ್ಟು ಒಮ್ಮೆ ತಿರುಗಿಸಿದಳು.

ಚಿರ್ರ್!

ಕಪ್ಪು ನೀರಿನಂಥ ಕೀವು ಪಿಚಕಾರಿಯ ಹಾಗೆ ಹಾರಿ ತಿರಕಪ್ಪನ ಹೊಸ ಧೋತರದ ಮೇಲೆ ಉದ್ದಕ್ಕೂ ಬರೆ ಎಳೆಯಿತು. ಕೊಳೆತ ತತ್ತಿಯ ವಾಸನೆಗೆ ಮಂದಿ ಮೂಗು ಮುಚ್ಚಿತು.

“ಬಂತೂ!” ಮಲಿಕಸಾಬ ಕನ್ನಡಕದ ಮೇಲಿಂದಲೇ ಕೂಗಿದ. “ಒತ್ತವ್ವಾ ಒತ್ತು, ಪೂರಾ ಬರಲಿ!”

“ಬಿಡಬ್ಯಾಡ, ಒತ್ತು!” ತಿರಕಪ್ಪನೂ ಕೂಗಿದ. “ಇನ್ನೂ ಐತಿ, ಇನ್ನೂ ಐತಿ! ಭಲೇ!”

ಹೆಬ್ಬೆರಳಿನಿಂದ ಒತ್ತಿದಷ್ಟೂ ಬಂತು. ಉಪ್ಪುನೀರು ಸುರಿದರು. ತಿರಕಪ್ಪ ಕಾಲು ಬಿಟ್ಟ. ಕೆಂಚಿ ಅದನ್ನು ಗಾಳಿಯಲ್ಲಿ ಹಿಡಿದು ಯೋಚಿಸುವ ಹಾಗೆ ನಿಂತಿತು. ನಿಧಾನವಾಗಿ ಇಳಿಸಿತು. ತುದಿ ತಾಗಿತು. ಬೆಚ್ಚಲಿಲ್ಲ. ಇಡೀ ಗೊರಸು ನೆಲಕ್ಕೆ ಕೂತಿತು. ಮೈಯ ಭಾರವನ್ನು ಸ್ವಲ್ಪ ಸ್ವಲ್ಪವೇ ಅದರ ಮೇಲೆ ಹಾಕಿ, ತಲೆ ತಗ್ಗಿಸಿ, ಬೆಳಗಿನಿಂದ ಬಿದ್ದಿದ್ದ ದಂಟಿಗೆ ಬಾಯಿ ಹಾಕಿತು.

“ಹೋಯ್!” ಎಂದು ಗೋಡೆಯ ಮೇಲಿನವರೆಲ್ಲ ಒಟ್ಟಿಗೆ ಕೂಗಿದರು. ಸಿಳ್ಳು ಬಿತ್ತು. ಮರೆವ್ವ ಕೋಲು ಎತ್ತಿ ಕುಣಿಸಿದಳು. ಡೊಳ್ಳಿನವನೊಬ್ಬ ಕಟ್ಟೆಗೆ ಓಡಿ ಎರಡು ಪೆಟ್ಟು ಹಾಕಿಯೇಬಿಟ್ಟ. ಭಾಗ್ಯಾ ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿದ್ದುದು ಅವಳಿಗೇ ಗೊತ್ತಿರಲಿಲ್ಲ.

ಆ ಗದ್ದಲದಲ್ಲಿ ಹೊರಗೆ ಬೈಕು ನಿಂತದ್ದು ಯಾರಿಗೂ ಕೇಳಲಿಲ್ಲ. ಸುದ್ದಿ ಕೇಳಿ ಹಿಂಡು ಬಿಟ್ಟು ಬಂದ ಬೀರೇಶ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಮೈತುಂಬ ದಾರಿಯ ದೂಳು, ದೂಳಿನ ಮೇಲೆ ಕಣ್ಣೀರಿನ ಎರಡು ಗೆರೆ. ನಗುವ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ಮುಖ ಇದ್ದಕ್ಕಿದ್ದ ಹಾಗೆ ಅರಳಿತು.

“ಅವ್ವ ಎದ್ದಳೇನು?”

ಡೊಳ್ಳು ನಿಂತಿತು. ಗೋಡೆಯ ಮೇಲಿದ್ದವರು ಒಬ್ಬೊಬ್ಬರಾಗಿ ಕೆಳಗಿಳಿದರು. ಹೇಳುವವರು ಯಾರು? ಭಾಗ್ಯಾ ಹತ್ತಿರ ಹೋದಳು. ಕೈ ಕಪ್ಪಗಿತ್ತು, ಮುಟ್ಟದೆ ನಿಂತಳು.

“ಇಲ್ರಿ. ಕೆಂಚಿ ಕಾಲೂರಿತು. ಅವ್ವ ಒಳಗ ಕುಂತಾಳ, ನಿಮ್ಮ ಹಾದಿ ನೋಡ್ಕೊಂತ.”

ಅವನು ಕುದುರೆಯನ್ನು ನೋಡಿದ, ಹೆಂಡತಿಯ ಕೈ ನೋಡಿದ, ತಿರಕಪ್ಪ ಕಾಕಾನ ಧೋತರ ನೋಡಿದ. ಹೆಂಡತಿಯ ಆ ಕೊಳಕು ಕೈಯನ್ನೇ ಹಿಡಿದು, ಮಗುವಿನ ಹಾಗೆ ಜೋರಾಗಿ ಅತ್ತ. ಹಾಗೇ ಹಿಡಿದುಕೊಂಡು ಒಳಗೆ ಹೋದ.

*

ತೂತಿಗೆ ಅರಳೆ ತುರುಕಿ, ಬಟ್ಟೆ ಸುತ್ತಿ, ಕೆಸರು ತಾಗದಂತೆ ಹಳೆಯ ಟಯರಿನ ಟ್ಯೂಬು ಕಟ್ಟಿದರು. ಹಿತ್ತಲೆಲ್ಲ ನೀರು ನಿಂತು ಹಸಿಯಾಗಿತ್ತು, ಅದಕ್ಕೆ ಕೆಂಚಿಯನ್ನು ಮುಂದಿನ ಅಂಗಳಕ್ಕೆ ತಂದು ಹುಲ್ಲು ಹಾಸಿ ನಿಲ್ಲಿಸಿದರು. ಸಿದಿಗೆ ಎತ್ತಿದಾಗ ಡೊಳ್ಳುಗಳು ಒಟ್ಟಿಗೆ ಮೊಳಗಿದವು. ತಿರಕಪ್ಪನಿಗೆ ಬೇರೆ ಧೋತರ ಉಡೆಂದರೆ, “ಇರಲಿ ಬಿಡ್ರಿ,” ಎಂದು ಆ ಕಪ್ಪು ಬರೆಯ ಧೋತರದಲ್ಲೇ ಸಿದಿಗೆಗೆ ಹೆಗಲು ಕೊಟ್ಟ. ಹೊಲದ ಬದುವಿನಲ್ಲಿ, ಗಂಡನ ಪಕ್ಕದಲ್ಲಿ ದುರ್ಗವ್ವನನ್ನು ಮಣ್ಣು ಮಾಡಿದರು.

ಹೆಣ ಕೂಡ್ರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೋಗಲು ಎಲ್ಲರೂ ಮನೆಗೆ ಹೊರಳಿ ಬಂದಾಗ ಹೊತ್ತು ಇಳಿಯುತ್ತಿತ್ತು. ಮಂದಿಗೆ ಮಾತು ಮತ್ತೆ ಏರಿತ್ತು. ಕೀವು ಎಷ್ಟು ಎತ್ತರ ಹಾರಿತೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಅಳತೆ. ಎಲ್ಲರಿಗಿಂತ ಮುಂದಿದ್ದ ತಿರಕಪ್ಪ ಅಂಗಳದ ಬಾಯಲ್ಲಿ ಥಟ್ಟನೆ ನಿಂತ.

ಕೆಂಚಿ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತ್ತು. ಕೊರಳು ಚಾಚಿತ್ತು, ಕಾಲುಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಭಾಗ್ಯಾ ಮಂದಿಯನ್ನು ಸರಿಸಿ ಓಡಿದಳು. ತಲೆಯ ಬಳಿ ಅಮೃತಾ ಕುಳಿತಿದ್ದಳು.

“ಶ್ಶ್,” ಎಂದಳು ಹುಡುಗಿ. “ಮಲಗೇತಿ.”

ಮೂಗಿನ ಮುಂದಿನ ಹುಲ್ಲುಕಡ್ಡಿಗಳು ಹಾರಿ ಹಾರಿ ಬೀಳುತ್ತಿದ್ದವು. ಕೆಂಚಿ ಗೊರಕೆ ಹೊಡೆಯುತ್ತಿತ್ತು.

ತಿರಕಪ್ಪ ಹಿಂದಿರುಗಿ ಎರಡೂ ಕೈ ಎತ್ತಿ ಇಡೀ ಊರನ್ನು ತಡೆದ. ಸುದ್ದಿ ಸದ್ದಿಲ್ಲದೆ ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಮಾತು ಆರಿತು. ಒಬ್ಬೊಬ್ಬರೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದರು. ಗೋಡೆಯ ಬದಿಯಿಂದ, ಸೀರೆಯ ನೆರಿಗೆ ಎತ್ತಿ, ಕೋಲನ್ನು ನೆಲಕ್ಕೆ ತಾಗಿಸದೆ, ಕೆಮ್ಮು ಬಂದವರು ಬಾಯಿಗೆ ಶಲ್ಯ ಒತ್ತಿ, ಮಲಗಿದ ಕುದುರೆಯನ್ನು ಬಳಸಿಕೊಂಡು ಒಳಗಿನ ದೀಪದ ಕಡೆ ನಡೆದರು. ಕೊನೆಗೆ ಡೊಳ್ಳಿನವರು ಬಂದರು. ಗಾಳಿ ತಾಗಿ ಗುಂಯ್ ಎಂದೀತೆಂದು ಡೊಳ್ಳಿನ ಚರ್ಮದ ಮೇಲೆ ಅಂಗೈ ಅಗಲಿಸಿ ಇಟ್ಟುಕೊಂಡು, ತುದಿಗಾಲಲ್ಲಿ, ಒಬ್ಬರ ಹಿಂದೆ ಒಬ್ಬರು.